ದೊಡ್ಡ ಕ್ರಿಪ್ಟೋ ವರ್ಗಾವಣೆಗಳ ಮೇಲೆ ಕಣ್ಣಿಡಲು ಯಾವ ಸಾಧನ? ಒಂದು ಹೋಲಿಕೆ

2021ರ ನವೆಂಬರಿನಲ್ಲಿ ಕರ್ನಾಟಕದಲ್ಲಿ ಬಿಟ್‌ಕಾಯಿನ್ ಹಗರಣದ ಮಾತು ಎಲ್ಲೆಡೆ ಹಬ್ಬಿದ್ದಾಗ, ಆಗ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ತನ್ನ ಆರೋಪಗಳಿಗೆ ಆಧಾರವಾಗಿ ‘ವ್ಹೇಲ್ ಅಲರ್ಟ್’ ಎಂಬ ಟ್ವಿಟರ್ ಖಾತೆಯ ಸಂದೇಶಗಳನ್ನು ಮುಂದಿಟ್ಟಿತು. 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ವಿನಿಮಯ ಕೇಂದ್ರದಿಂದ (ಕ್ರಿಪ್ಟೋ ನಾಣ್ಯಗಳನ್ನು ಕೊಂಡು ಮಾರುವ ವೇದಿಕೆ) ಕಳುವಾಗಿದ್ದ ನಾಣ್ಯಗಳಲ್ಲಿ 14,682 ಬಿಟ್‌ಕಾಯಿನ್‌ಗಳು 2020ರ ಡಿಸೆಂಬರ್ 1 ಮತ್ತು 2021ರ ಏಪ್ರಿಲ್ 14ರಂದು ವರ್ಗಾವಣೆಯಾಗಿವೆ, ಆ ಎರಡೂ ದಿನ ಬೆಂಗಳೂರಿನ ಆರೋಪಿ ಬಂಧನದಲ್ಲಿದ್ದ ಎಂಬುದು ವಾದವಾಗಿತ್ತು. ಮೂರು ತಿಂಗಳೂ ಕಳೆಯುವ ಮೊದಲೇ, 2022ರ ಫೆಬ್ರವರಿ 8ರಂದು, ಅಮೆರಿಕದ ನ್ಯಾಯಾಂಗ ಇಲಾಖೆ ಅದೇ ಕಳವಿಗೆ ಸೇರಿದ 94,000ಕ್ಕೂ ಹೆಚ್ಚು ಬಿಟ್‌ಕಾಯಿನ್‌ಗಳನ್ನು ವಶಪಡಿಸಿಕೊಂಡಿದ್ದಾಗಿ ಪ್ರಕಟಿಸಿ ನ್ಯೂಯಾರ್ಕಿನ ದಂಪತಿಯೊಂದನ್ನು ಬಂಧಿಸಿತು. ಕಳವು ಮಾಡಿದ್ದು ತಾನೇ ಎಂದು ಪತಿ 2023ರ ಆಗಸ್ಟಿನಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ನಾಣ್ಯಗಳು ಚಲಿಸಿದ್ದನ್ನು ಎಚ್ಚರಿಕೆಯ ಸಂದೇಶ ತೋರಿಸಿತ್ತು. ಅವನ್ನು ಸಾಗಿಸಿದವರು ಯಾರು ಎಂಬುದನ್ನು ಅದು ತೋರಿಸಿರಲಿಲ್ಲ, ತೋರಿಸಲು ಅದಕ್ಕೆ ಸಾಧ್ಯವೂ ಇರಲಿಲ್ಲ.

ಅದೇ ಹಗರಣದಲ್ಲಿ ಇನ್ನೊಂದು ಸಂಗತಿಯೂ ಇದೆ, ಮತ್ತು ಹೊಸದಾಗಿ ಈ ವಿಷಯಕ್ಕೆ ಬರುವವರಿಗೆ ಅದು ಹೆಚ್ಚು ಉಪಯುಕ್ತವಾದುದು. ಆರೋಪಿ ತನ್ನದೆಂದು ತೋರಿಸಿದ ವಾಲೆಟ್ಟಿನಲ್ಲಿ (ನಾಣ್ಯಗಳ ಡಿಜಿಟಲ್ ಕೈಚೀಲದಲ್ಲಿ) ಸುಮಾರು 186 ಬಿಟ್‌ಕಾಯಿನ್‌ಗಳು ಕಂಡುಬಂದವೆಂದು ದಾಖಲಾಗಿ, ಅದು ವಾಸ್ತವದಲ್ಲಿ ಒಂದು ವಿನಿಮಯ ಕೇಂದ್ರದ ಚಾಲ್ತಿ ವಾಲೆಟ್ ಎಂದೂ ಅದರ ಖಾಸಗಿ ಕೀಲಿ, ಅಂದರೆ ನಾಣ್ಯ ಖರ್ಚು ಮಾಡಲು ಬೇಕಾದ ಗುಪ್ತ ಸಂಕೇತ, ಆತನ ಬಳಿ ಇರಲಿಲ್ಲವೆಂದೂ ಬೆಂಗಳೂರು ಪೊಲೀಸರು ಬಳಿಕ ಹೇಳಿಕೆ ಕೊಡಬೇಕಾಯಿತು. ಯಾವುದೇ ವಿಳಾಸವನ್ನು (ಖಾತೆ ಸಂಖ್ಯೆಯಂಥ ಅಕ್ಷರಗಳ ಸಾಲನ್ನು) ಯಾರು ಬೇಕಾದರೂ ತೆರೆದು ನೋಡಿ ‘ಇದು ನನ್ನದು’ ಎನ್ನಬಹುದು. ಶಿಲ್ಕು ಕಾಣುವುದಕ್ಕೂ ಒಡೆತನಕ್ಕೂ ಸಂಬಂಧವಿಲ್ಲ.

ಈ ವರ್ಗಾವಣೆಗಳೆಲ್ಲ ದಾಖಲಾಗುವ ಸಾರ್ವಜನಿಕ ಲೆಕ್ಕಪುಸ್ತಕವಾದ ಬ್ಲಾಕ್‌ಚೈನ್ ಎಂಬುದನ್ನು ಖಾತೆದಾರನ ಹೆಸರಿನ ಕಾಲಂ ಖಾಲಿ ಬಿಟ್ಟಿರುವ ಪಹಣಿಯಂತೆ ಭಾವಿಸಿಕೊಳ್ಳಬಹುದು. ಸರ್ವೆ ನಂಬರು, ವಿಸ್ತೀರ್ಣ, ಯಾವ ದಿನ ಯಾವ ನಂಬರಿನಿಂದ ಎಷ್ಟು ಪಾಲು ಯಾವ ನಂಬರಿಗೆ ಹೋಯಿತು ಎಂಬುದೆಲ್ಲ ಅಳಿಸಲಾಗದಂತೆ ಬರೆದಿದೆ. ಹೆಸರು ಮಾತ್ರ ಊರವರು ಹೇಳಬೇಕು. ಊರವರು ಹೇಳುವುದು ಬಹಳ ಸಲ ನಿಜ, ಕೆಲವು ಸಲ ಊಹೆ, ಒಮ್ಮೊಮ್ಮೆ ಹಗೆ. ಆದ್ದರಿಂದ ಈ ಹೋಲಿಕೆಯಲ್ಲಿ ನಾನು ಪ್ರತಿಯೊಂದು ಸಾಧನದ ಬಗ್ಗೆಯೂ ಮುಖ್ಯವಾಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಹೆಸರನ್ನು ಕೊಡುತ್ತದೆಯೇ, ಕೊಟ್ಟರೆ ಆ ಹೆಸರಿನ ಆಧಾರವನ್ನು ನೋಡಲು ಬಿಡುತ್ತದೆಯೇ? ವೇಗ, ಬೆಲೆ, ಅಂದಚಂದ ಎಲ್ಲವೂ ಆಮೇಲಿನ ಮಾತು.

ಎಚ್ಚರಿಕೆಯ ಸಂದೇಶಗಳು

ಹೆಚ್ಚಿನವರು ಮೊದಲು ಮುಟ್ಟುವುದು ಇವನ್ನೇ. 2018ರಲ್ಲಿ ಆರಂಭವಾದ, ಆಮ್‌ಸ್ಟರ್‌ಡ್ಯಾಮ್ ಮೂಲದ ವ್ಹೇಲ್ ಅಲರ್ಟ್ ಇವುಗಳಲ್ಲಿ ಹೆಸರುವಾಸಿ. ನಿಗದಿತ ಮಿತಿಗಿಂತ ದೊಡ್ಡ ವರ್ಗಾವಣೆ ನಡೆದ ಕೂಡಲೇ ಮೊತ್ತ, ಡಾಲರ್ ಮೌಲ್ಯ, ಕಳುಹಿಸಿದವರು, ಪಡೆದವರು ಎಂಬ ನಾಲ್ಕು ಅಂಶಗಳನ್ನು ಒಂದು ಸಾಲಿನಲ್ಲಿ ಪ್ರಕಟಿಸುತ್ತದೆ. ವಿಳಾಸ ಯಾರದೆಂದು ಗೊತ್ತಿಲ್ಲದಿದ್ದರೆ ‘ಅಪರಿಚಿತ ವಾಲೆಟ್’ ಎನ್ನುತ್ತದೆ. ಎಕ್ಸ್ ಮತ್ತು ಟೆಲಿಗ್ರಾಂನಲ್ಲಿ ಉಚಿತವಾಗಿ ಸಿಗುತ್ತದೆ, ಮಿತಿಗಳನ್ನು ತಾವೇ ನಿಗದಿ ಮಾಡಿಕೊಳ್ಳಬೇಕೆನ್ನುವವರಿಗೆ ಹಣ ಪಡೆದು ಪ್ರತ್ಯೇಕ ಸೇವೆ ಕೊಡುತ್ತದೆ.

ಇದರ ಗುಣವೂ ದೋಷವೂ ಒಂದೇ: ಸಂದರ್ಭವಿಲ್ಲದ ವೇಗ. ‘ಅಪರಿಚಿತ ವಾಲೆಟ್ಟಿನಿಂದ ವಿನಿಮಯ ಕೇಂದ್ರಕ್ಕೆ’ ಎಂದರೆ ಮಾರಾಟಕ್ಕೆ ಬಂದಿದೆ, ‘ವಿನಿಮಯ ಕೇಂದ್ರದಿಂದ ಅಪರಿಚಿತ ವಾಲೆಟ್ಟಿಗೆ’ ಎಂದರೆ ಯಾರೋ ಕೊಂಡು ಒಳಗಿಟ್ಟಿದ್ದಾರೆ ಎಂದು ಓದುವ ಅಭ್ಯಾಸ ಬೆಳೆದಿದೆ. ಆದರೆ ವಿನಿಮಯ ಕೇಂದ್ರಗಳು ತಮ್ಮದೇ ದಾಸ್ತಾನನ್ನು ಹೊಸ ವಾಲೆಟ್ಟುಗಳಿಗೆ ಸ್ಥಳಾಂತರಿಸುವುದು ನಿತ್ಯದ ಕೆಲಸ. 2018ರ ಕೊನೆಯಲ್ಲಿ ಕಾಯಿನ್‌ಬೇಸ್ ತನ್ನ ಶೀತಲ ಸಂಗ್ರಹವನ್ನು (ಇಂಟರ್‌ನೆಟ್ಟಿನಿಂದ ದೂರವಿಟ್ಟ ದಾಸ್ತಾನನ್ನು) ಹೊಸ ವ್ಯವಸ್ಥೆಗೆ ಬದಲಾಯಿಸಿದಾಗ ಸುಮಾರು 500 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಚಲಿಸಿದವು, ಮಾರಾಟವಾದದ್ದು ಏನೂ ಇಲ್ಲ. ಟೆದರ್ ಕಂಪನಿಯ ಖಜಾನೆಯಲ್ಲಿ 100 ಕೋಟಿ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಅದರ ನಾಣ್ಯ) ಸೃಷ್ಟಿಯಾಯಿತು ಎಂಬ ಸಂದೇಶ ಬಂದಾಗಲೆಲ್ಲ ಮಾರುಕಟ್ಟೆಗೆ ಅಷ್ಟು ಹಣ ಹರಿಯಿತೆಂದು ಸಂಭ್ರಮಿಸುವವರಿದ್ದಾರೆ. ಬಹುಪಾಲು ಸಲ ಅದು ಮುಂದಿನ ಬೇಡಿಕೆಗಾಗಿ ಮಾಡಿಟ್ಟುಕೊಂಡ ದಾಸ್ತಾನು, ಇನ್ನೂ ಯಾರಿಗೂ ವಿತರಿಸಿರುವುದಿಲ್ಲ ಎಂದು ಕಂಪನಿಯೇ ಹೇಳುತ್ತ ಬಂದಿದೆ.

ಬಿಟ್‌ಕಾಯಿನ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಖಾತೆಯ ಶಿಲ್ಕಿನಿಂದ ಕಳೆಯುವ ಪದ್ಧತಿಯಿಲ್ಲ. ನೋಟನ್ನು ಇಡಿಯಾಗಿ ಕೊಟ್ಟು ಚಿಲ್ಲರೆ ವಾಪಸು ಪಡೆಯುವ ಪದ್ಧತಿಯಿದೆ. 1,000 ಬಿಟ್‌ಕಾಯಿನ್‌ನ ಒಂದೇ ‘ನೋಟು’ ಇರುವವನು 3 ಬಿಟ್‌ಕಾಯಿನ್ ಪಾವತಿಸಿದರೆ, ಉಳಿದ 997 ಸಾಮಾನ್ಯವಾಗಿ ಅವನದೇ ಹೊಸ ವಿಳಾಸವೊಂದಕ್ಕೆ ಚಿಲ್ಲರೆಯಾಗಿ ಮರಳುತ್ತದೆ. ಸರಿಯಾಗಿ ಬರೆಯದ ಬಾಟ್ (ತಾನಾಗಿ ಸಂದೇಶ ಕಳುಹಿಸುವ ತಂತ್ರಾಂಶ) ಇದನ್ನು ‘1,000 ಬಿಟ್‌ಕಾಯಿನ್ ವರ್ಗಾವಣೆ’ ಎಂದು ಕೂಗುತ್ತದೆ. ಟೆಲಿಗ್ರಾಂನಲ್ಲಿ ಯಾರೋ ಬಿಡುವಿನ ವೇಳೆಯಲ್ಲಿ ನಡೆಸುವ ಬಾಟ್‌ಗಳನ್ನು ಆರಿಸಿಕೊಳ್ಳುವ ಮುನ್ನ ಅವು ಈ ಚಿಲ್ಲರೆಯನ್ನು ಬಿಟ್ಟು ಎಣಿಸುತ್ತವೆಯೇ ಎಂದು ಎರಡು ಮೂರು ವಹಿವಾಟುಗಳನ್ನು ತೆಗೆದು ತಾಳೆ ನೋಡುವುದು ಒಳ್ಳೆಯದು. ಸಂದೇಶದ ಜೊತೆ ವಹಿವಾಟಿನ ಗುರುತು ಸಂಖ್ಯೆ ಅಥವಾ ಕೊಂಡಿ ಕೊಡದ ಬಾಟ್ ಎಷ್ಟೇ ವೇಗವಾಗಿದ್ದರೂ ಬೇಡ.

ಒಟ್ಟಿನಲ್ಲಿ, ಇಂದು ಏನೋ ನಡೆದಿದೆ ಎಂದು ತಿಳಿಯಲು ಇದು ಸಾಕು. ಇದನ್ನು ನೋಡಿ ಕೊಳ್ಳುವುದು, ಮಾರುವುದು ಮಾಡುವವರಿಗೆ ನಾನು ಹೇಳಬಲ್ಲದ್ದು ಏನೂ ಇಲ್ಲ.

ಬ್ಲಾಕ್ ಎಕ್ಸ್‌ಪ್ಲೋರರ್

ಎಚ್ಚರಿಕೆ ಬಂದ ಮೇಲೆ ಮೂಲಕ್ಕೆ ಹೋಗಿ ನೋಡುವ ಕಿಟಕಿ ಇದು. ಬಿಟ್‌ಕಾಯಿನ್‌ಗೆ ಮೆಂಪೂಲ್.ಸ್ಪೇಸ್, ಇನ್ನೊಂದು ದೊಡ್ಡ ಬ್ಲಾಕ್‌ಚೈನ್ ಆದ ಎಥೀರಿಯಂಗೆ 2015ರಿಂದ ಇರುವ ಈಥರ್‌ಸ್ಕ್ಯಾನ್, ಹಲವು ಸರಪಳಿಗಳನ್ನು (ಬ್ಲಾಕ್‌ಚೈನ್‌ಗಳನ್ನು) ಒಂದೇ ಕಡೆ ನೋಡಲು ಬ್ಲಾಕ್‌ಚೇರ್. ಮೂರಕ್ಕೂ ಹಣ ಕೊಡಬೇಕಾಗಿಲ್ಲ, ನೋಡುವುದಕ್ಕೆ ಮಾತ್ರವಾದರೆ ಖಾತೆಯೂ ಬೇಕಾಗಿಲ್ಲ.

ಇವುಗಳಲ್ಲಿ ಆಯ್ಕೆ ಮಾಡುವಾಗ ಸರಪಳಿ ಯಾವುದು ಎಂಬುದೇ ಹೆಚ್ಚಾಗಿ ತೀರ್ಮಾನ ಕೊಡುತ್ತದೆ. ಆದರೂ ಕೆಲವು ವ್ಯತ್ಯಾಸಗಳು ಗಮನಾರ್ಹ. ಮೆಂಪೂಲ್.ಸ್ಪೇಸ್‌ನ ಸಾಫ್ಟ್‌ವೇರ್ ಪೂರ್ತಿ ಮುಕ್ತ ಆಕರದ್ದು. ಬೇಕಾದವರು ತಮ್ಮದೇ ಯಂತ್ರದಲ್ಲಿ ಅದನ್ನು ಸ್ಥಾಪಿಸಿಕೊಳ್ಳಬಹುದು. ಇನ್ನೂ ಬ್ಲಾಕಿಗೆ (ಒಟ್ಟಿಗೆ ದಾಖಲಾಗುವ ವಹಿವಾಟುಗಳ ಕಟ್ಟಿಗೆ) ಸೇರದೆ ಸರತಿಯಲ್ಲಿ ನಿಂತಿರುವ ವಹಿವಾಟುಗಳನ್ನು ಅದು ಚೆನ್ನಾಗಿ ತೋರಿಸುತ್ತದೆ, ಆದರೆ ಸರತಿಯಲ್ಲಿರುವ ವಹಿವಾಟನ್ನು ಹೆಚ್ಚಿನ ಶುಲ್ಕ ಕೊಟ್ಟು ಬೇರೊಂದರಿಂದ ಬದಲಾಯಿಸಲು ಕಳುಹಿಸಿದವನಿಗೆ ಅವಕಾಶವಿದೆ ಎಂಬುದನ್ನು ಮರೆಯಬಾರದು. ಬ್ಲಾಕು ಸರಾಸರಿ 10 ನಿಮಿಷಕ್ಕೊಂದು. ಆರು ಬ್ಲಾಕುಗಳು, ಅಂದರೆ ಸುಮಾರು ಒಂದು ಗಂಟೆ ಕಾದು ಮಾತನಾಡುವುದು ಹಳೆಯ ರೂಢಿ.

ಈಥರ್‌ಸ್ಕ್ಯಾನ್‌ನಲ್ಲಿ ವಿಳಾಸಗಳಿಗೆ ಹೆಸರಿನ ಚೀಟಿ ಅಂಟಿಸಿರುವುದುಂಟು. ಖಾತೆ ತೆರೆದವರು ತಮಗೆ ಬೇಕಾದ ವಿಳಾಸಗಳ ಪಟ್ಟಿ ಮಾಡಿಟ್ಟರೆ ಅಲ್ಲಿ ಚಲನೆ ಕಂಡಾಗ ಇಮೇಲ್ ಬರುತ್ತದೆ. ನಾಲ್ಕೈದು ನಿರ್ದಿಷ್ಟ ವಿಳಾಸಗಳನ್ನು ಮಾತ್ರ ಗಮನಿಸಬೇಕಾದವರಿಗೆ, ಉದಾಹರಣೆಗೆ ತಾವು ಹಣ ಕಳೆದುಕೊಂಡ ವಿಳಾಸವನ್ನು ಕಾಯುತ್ತಿರುವವರಿಗೆ, ಇಷ್ಟೇ ಸಾಕಾಗುತ್ತದೆ. ಎಥೀರಿಯಂನಲ್ಲಿ ಎಚ್ಚರ ವಹಿಸಬೇಕಾದದ್ದು ಸುಳ್ಳು ಟೋಕನ್‌ಗಳ (ಸರಪಳಿಯ ಮೇಲೆ ಯಾರು ಬೇಕಾದರೂ ಹುಟ್ಟಿಸಬಹುದಾದ ನಾಣ್ಯಗಳ) ಬಗ್ಗೆ ಮತ್ತು ‘ವಿಳಾಸ ವಿಷಪ್ರಾಶನ’ ಎನ್ನಬಹುದಾದ ತಂತ್ರದ ಬಗ್ಗೆ. ನೀವು ವ್ಯವಹರಿಸಿದ ವಿಳಾಸದ ಮೊದಲ ಮತ್ತು ಕೊನೆಯ ಅಕ್ಷರಗಳನ್ನೇ ಹೋಲುವ ಇನ್ನೊಂದು ವಿಳಾಸವನ್ನು ಸೃಷ್ಟಿಸಿ, ಅದರಿಂದ ಶೂನ್ಯ ಅಥವಾ ಪುಡಿ ಮೊತ್ತದ ವರ್ಗಾವಣೆ ಮಾಡಿ, ನಿಮ್ಮ ವಹಿವಾಟಿನ ಪಟ್ಟಿಯಲ್ಲಿ ಅದು ಕಾಣುವಂತೆ ಮಾಡುತ್ತಾರೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ ಪಟ್ಟಿಯಿಂದ ತಪ್ಪು ವಿಳಾಸ ನಕಲು ಮಾಡಿ 1,155 ಡಬ್ಲ್ಯುಬಿಟಿಸಿ (ಎಥೀರಿಯಂ ಮೇಲಿನ ಬಿಟ್‌ಕಾಯಿನ್ ಪ್ರತಿರೂಪ), ಅಂದರೆ ಸುಮಾರು 6.8 ಕೋಟಿ ಡಾಲರ್, ಕಳುಹಿಸಿಬಿಟ್ಟರು. ಅದು ಬಳಿಕ ಮರಳಿ ಬಂದದ್ದು ಅಪರೂಪದ ಅದೃಷ್ಟ. ಜಾಡು ಹಿಡಿಯುವವರೂ ಇದೇ ತಪ್ಪಿನಿಂದ ಬೇರೆ ಯಾರದೋ ವಿಳಾಸವನ್ನು ಹಿಂಬಾಲಿಸುತ್ತಾರೆ. ವಿಳಾಸವನ್ನು ಇಡಿಯಾಗಿ ಓದಬೇಕು.

ಹೆಸರಿನ ವಿಷಯದಲ್ಲಿ ಎಕ್ಸ್‌ಪ್ಲೋರರ್‌ಗಳು ಸಂಕೋಚದವು, ಮತ್ತು ನನ್ನ ಮಟ್ಟಿಗೆ ಅದೇ ಅವುಗಳ ದೊಡ್ಡ ಗುಣ.

ಹೆಸರು ಹಚ್ಚುವ ವೇದಿಕೆಗಳು

ಜಗಳವೂ ಉಪಯೋಗವೂ ಹೆಚ್ಚಿರುವುದು ಇಲ್ಲಿ. ನಾನ್ಸೆನ್ ಮತ್ತು ಆರ್ಕಮ್ ಇವುಗಳಲ್ಲಿ ಮುಖ್ಯವಾದವು. ನಾನ್ಸೆನ್ ಲಾಭ ಮಾಡಿದ ವಾಲೆಟ್ಟುಗಳನ್ನು ಗುಂಪು ಮಾಡಿ, ಅವು ಏನು ಕೊಳ್ಳುತ್ತಿವೆ ಎಂದು ಹಣ ಪಡೆದು ತೋರಿಸುತ್ತದೆ. ವ್ಯಾಪಾರಿಗಳಿಗೆ ಬೇಕಾದದ್ದು, ಸಾಮಾನ್ಯ ಕುತೂಹಲಿಗೆ ಅಷ್ಟಾಗಿ ಬೇಡ. ಆರ್ಕಮ್ ಒಂದು ವಿಳಾಸದ ಹಿಂದಿರುವ ಸಂಸ್ಥೆ, ಸರ್ಕಾರ ಅಥವಾ ವ್ಯಕ್ತಿಯನ್ನು ಗುರುತಿಸಿ ಪುಟ ಮಾಡಿಡುತ್ತದೆ, ಅದರ ಬಹುಭಾಗ ಉಚಿತ.

ಇದು ಎಷ್ಟು ಬಲವಾದ ಸಾಧನ ಎಂಬುದಕ್ಕೆ ಜರ್ಮನಿಯ ಉದಾಹರಣೆ ಸಾಕು. ಅಕ್ರಮ ಚಲನಚಿತ್ರ ಜಾಲತಾಣವೊಂದರ ಪ್ರಕರಣದಲ್ಲಿ ಸ್ಯಾಕ್ಸನಿ ರಾಜ್ಯದ ವಶಕ್ಕೆ ಬಂದಿದ್ದ 49,858 ಬಿಟ್‌ಕಾಯಿನ್‌ಗಳನ್ನು 2024ರ ಜೂನ್ ಮತ್ತು ಜುಲೈನಲ್ಲಿ ಮಾರುತ್ತಿದ್ದಾಗ, ಜರ್ಮನ್ ಸರ್ಕಾರದ ಹೆಸರು ಹಚ್ಚಿದ ವಾಲೆಟ್ಟಿನಿಂದ ಒಂದೊಂದು ಕಂತು ವಿನಿಮಯ ಕೇಂದ್ರಗಳಿಗೆ ಹೋಗುವುದನ್ನು ಜಗತ್ತೇ ಕುಳಿತು ನೋಡಿತು. ಮಾರಾಟದಿಂದ ಸುಮಾರು 264 ಕೋಟಿ ಯೂರೋ ಬಂತೆಂದು ಡ್ರೆಸ್ಡೆನ್ನಿನ ಸರ್ಕಾರಿ ಅಭಿಯೋಜಕರು ಹೇಳುವ ಹೊತ್ತಿಗೆ ನೋಡುಗರಿಗೆ ಅದು ಹಳೆಯ ಸುದ್ದಿಯಾಗಿತ್ತು. ನಮ್ಮ ನೆರೆಯ ಭೂತಾನ್ ಸರ್ಕಾರದ ಬಳಿ ಸುಮಾರು 13,000 ಬಿಟ್‌ಕಾಯಿನ್ ಇದೆಯೆಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಳಕಿಗೆ ತಂದದ್ದೂ ಆರ್ಕಮ್.

ಆದರೆ ಹೆಸರು ಹಚ್ಚುವುದು ಹೇಗೆ? ಬಿಟ್‌ಕಾಯಿನ್‌ನಲ್ಲಿ ಒಂದೇ ವಹಿವಾಟಿಗೆ ಹಲವು ವಿಳಾಸಗಳಿಂದ ನಾಣ್ಯ ಸೇರಿಸಿದ್ದರೆ ಆ ವಿಳಾಸಗಳೆಲ್ಲ ಒಬ್ಬರದೇ ಎಂದು ಭಾವಿಸುವುದು ಮುಖ್ಯ ಸೂತ್ರ. ಈ ಸಾಧ್ಯತೆಯನ್ನು ಬಿಟ್‌ಕಾಯಿನ್‌ನ ವಿನ್ಯಾಸ ವಿವರಿಸಿದ 2008ರ ಮೂಲ ಶ್ವೇತಪತ್ರವೇ ಒಪ್ಪಿಕೊಂಡಿದೆ. ಹತ್ತಾರು ಜನ ಸೇರಿ ಒಂದೇ ವಹಿವಾಟು ಮಾಡುವ ಕಾಯಿನ್‌ಜಾಯಿನ್ ಎದುರಾದಾಗ ಈ ಸೂತ್ರ ಕುಸಿಯುತ್ತದೆ. ಗುಂಪಿನಲ್ಲಿ ಒಂದು ವಿಳಾಸದ ಒಡೆಯ ತಿಳಿದರೆ ಉಳಿದ ಸಾವಿರ ವಿಳಾಸಗಳಿಗೂ ಅದೇ ಹೆಸರು ಹರಡುತ್ತದೆ, ಹಾಗೆಯೇ ಒಂದು ತಪ್ಪು ಕೂಡ ಸಾವಿರವಾಗಿ ಹರಡುತ್ತದೆ. ವೇದಿಕೆಯ ಹೆಸರಿನ ಚೀಟಿ ತನ್ನ ಆಧಾರವನ್ನು ಯಾವಾಗಲೂ ಹೇಳುವುದಿಲ್ಲ.

2023ರ ಜುಲೈನಲ್ಲಿ ಆರ್ಕಮ್ ಒಂದು ‘ಮಾಹಿತಿ ಮಾರುಕಟ್ಟೆ’ಯನ್ನು ತೆರೆಯಿತು: ಈ ವಿಳಾಸ ಯಾರದೆಂದು ಹೇಳಿದವರಿಗೆ ಇಷ್ಟು ಬಹುಮಾನ ಎಂದು ಯಾರಾದರೂ ಘೋಷಿಸಬಹುದು, ಪುರಾವೆ ತಂದವರು ಟೋಕನ್ ರೂಪದಲ್ಲಿ ಹಣ ಪಡೆಯಬಹುದು. ಜನರ ಗುಟ್ಟು ಬಯಲು ಮಾಡಿ ಕಾಸು ಮಾಡಿಕೊಳ್ಳುವ ವ್ಯವಸ್ಥೆಯಿದು ಎಂಬ ಟೀಕೆ ಆಗಲೇ ಬಂತು, ಮತ್ತು ಆ ಟೀಕೆಯಲ್ಲಿ ಹುರುಳಿದೆ. ಇನ್ನೊಂದು ಮುಖವೂ ಇದೆ. 2025ರ ಫೆಬ್ರವರಿ 21ರಂದು ಬೈಬಿಟ್ ವಿನಿಮಯ ಕೇಂದ್ರದಿಂದ 4 ಲಕ್ಷಕ್ಕೂ ಹೆಚ್ಚು ಈಥರ್ (ಎಥೀರಿಯಂನ ನಾಣ್ಯ), ಸುಮಾರು 150 ಕೋಟಿ ಡಾಲರ್, ಕಳುವಾದಾಗ ಇದೇ ಮಾರುಕಟ್ಟೆಯಲ್ಲಿ ಬಹುಮಾನ ಘೋಷಣೆಯಾಯಿತು. ಝ್ಯಾಕ್‌ಎಕ್ಸ್‌ಬಿಟಿ ಎಂಬ ಗುಪ್ತನಾಮದ ಶೋಧಕ ಅದೇ ದಿನ ಉತ್ತರ ಕೊರಿಯದ ಲಜಾರಸ್ ಹ್ಯಾಕರ್ ಗುಂಪಿನತ್ತ ಬೊಟ್ಟು ಮಾಡುವ ಪುರಾವೆಗಳನ್ನು ಸಲ್ಲಿಸಿದರು, ಐದು ದಿನಗಳ ನಂತರ ಅಮೆರಿಕದ ಎಫ್‌ಬಿಐ ಕೂಡ ಉತ್ತರ ಕೊರಿಯವನ್ನೇ ಹೆಸರಿಸಿತು. ಅದೇ ವರ್ಷದ ಜುಲೈನಲ್ಲಿ ಭಾರತದ ವಿನಿಮಯ ಕೇಂದ್ರ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳುವಾದ ವಿಷಯವನ್ನು ಕಂಪನಿ ಪ್ರಕಟಿಸುವ ಮೊದಲೇ ಬಹಿರಂಗವಾಗಿ ಬರೆದವರೂ ಇವರೇ. ಆ ಪ್ರಕರಣ ಮುಂದೆ ಬೆಂಗಳೂರು ಪೊಲೀಸರ ಮುಂದೆ ಬಂತು.

ಈ ಎರಡೂ ಸಂದರ್ಭಗಳಲ್ಲಿ ನಂಬಿಕೆ ಹುಟ್ಟಿಸಿದ್ದು ಹೆಸರಿನ ಚೀಟಿಯಲ್ಲ, ಅದರೊಂದಿಗೆ ಇಟ್ಟಿದ್ದ ವಹಿವಾಟುಗಳ ಸರಣಿ: ಬೈಬಿಟ್ ಪ್ರಕರಣದಲ್ಲಿ ಕಳುವಿಗೆ ಮುನ್ನ ಪರೀಕ್ಷೆಗೆಂದು ಕಳುಹಿಸಿದ ಪುಡಿ ಮೊತ್ತಗಳು, ಹಿಂದಿನ ಕಳುವಿನ ವಿಳಾಸಗಳೊಂದಿಗಿನ ಕೊಂಡಿ, ಸಮಯದ ಹೊಂದಿಕೆ. ಇವನ್ನು ಎಕ್ಸ್‌ಪ್ಲೋರರ್‌ನಲ್ಲಿ ಓದುಗರು ತಾವೇ ನೋಡಬಹುದಿತ್ತು. ಆದ್ದರಿಂದ ಹೆಸರು ಹಚ್ಚುವ ವೇದಿಕೆಯನ್ನು ಬಳಸುವುದಾದರೆ ಸರ್ಕಾರ, ವಿನಿಮಯ ಕೇಂದ್ರ, ನಿಧಿಗಳಂಥ ದೊಡ್ಡ ಸಂಸ್ಥೆಗಳ ಮಟ್ಟಿಗೆ ಬಳಸಿ. ಖಾಸಗಿ ವ್ಯಕ್ತಿಯ ಹೆಸರು ಕಂಡಾಗ ಆಧಾರದ ಸರಣಿ ಸಿಗದಿದ್ದರೆ ಅದನ್ನು ಮುಂದೆ ದಾಟಿಸಬೇಡಿ.

ಡ್ಯೂನ್: ಲೆಕ್ಕವನ್ನೇ ಎದುರಿಗಿಡುವ ದಾರಿ

‘ಒಂದು ವರ್ಗಾವಣೆ’ ಎಂಬುದಕ್ಕಿಂತ ‘ಆರು ತಿಂಗಳ ಹರಿವು’ ಎಂಬ ಬಗೆಯ ಪ್ರಶ್ನೆ ಇರುವವರಿಗೆ ಡ್ಯೂನ್ ಸೂಕ್ತ. ಸರಪಳಿಯ ದತ್ತಾಂಶವನ್ನು ಕೋಷ್ಟಕಗಳಾಗಿ ಜೋಡಿಸಿ, ಎಸ್‌ಕ್ಯೂಎಲ್ (ದತ್ತಾಂಶವನ್ನು ಪ್ರಶ್ನಿಸುವ ಕಂಪ್ಯೂಟರ್ ಭಾಷೆ) ಬಲ್ಲ ಯಾರಾದರೂ ಪ್ರಶ್ನೆ ಬರೆದು ಡ್ಯಾಶ್‌ಬೋರ್ಡ್ ಮಾಡಲು ಅದು ಬಿಡುತ್ತದೆ. ಇದರ ಹಿರಿಮೆ ಏನೆಂದರೆ ಸಾರ್ವಜನಿಕ ಡ್ಯಾಶ್‌ಬೋರ್ಡಿನ ಹಿಂದಿರುವ ಪ್ರಶ್ನೆ ಎಲ್ಲರಿಗೂ ಕಾಣುತ್ತದೆ, ಅದನ್ನು ನಕಲು ಮಾಡಿಕೊಂಡು ತಿದ್ದಬಹುದು. ಯಾವ ವಿಳಾಸಗಳನ್ನು ಯಾವ ಸಂಸ್ಥೆಯದೆಂದು ಬರೆದವರು ಎಣಿಸಿದ್ದಾರೆ ಎಂಬುದು ಅಲ್ಲೇ ಸಾಲು ಸಾಲಾಗಿ ಇರುತ್ತದೆ. ಹೆಸರಿನ ಆಧಾರ ತೋರಿಸುವ ವಿಷಯದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಸಮುದಾಯದ ಸಾಧನವನ್ನು ನಾನು ಕಂಡಿಲ್ಲ.

ಕೊರತೆಗಳೂ ಇವೆ: ಕ್ಷಣಕ್ಷಣದ ಸುದ್ದಿಗೆ ಇದು ಆಗದು, ಬರೆದವರು ಕೈಬಿಟ್ಟ ಡ್ಯಾಶ್‌ಬೋರ್ಡುಗಳು ಹಳೆಯ ವಿಳಾಸಪಟ್ಟಿಯೊಂದಿಗೆ ಹಾಗೆಯೇ ಉಳಿದಿರುತ್ತವೆ, ಒಂದೇ ಹಣವನ್ನು ಎರಡು ಸಲ ಎಣಿಸುವ ತಪ್ಪು ಸಾಮಾನ್ಯ. ಬೆಂಗಳೂರಿನಲ್ಲಿ ಎಸ್‌ಕ್ಯೂಎಲ್ ಬಲ್ಲವರಿಗೆ ಬರವಿಲ್ಲವಾದ್ದರಿಂದ, ಕಲಿಯಲು ಯಾರನ್ನಾದರೂ ಕೇಳಿಕೊಳ್ಳುವುದು ನಮ್ಮಲ್ಲಿ ಕಷ್ಟವಾಗಲಾರದು.

ಸ್ವಂತ ನೋಡ್

ಯಾರ ಮಾತನ್ನೂ ನಂಬದೆ ಪಹಣಿಯ ಪ್ರತಿಯನ್ನೇ ಮನೆಯಲ್ಲಿ ಇಟ್ಟುಕೊಳ್ಳುವುದು ಇದು. ಇಂಥ ಪ್ರತಿ ಇಟ್ಟುಕೊಂಡ ಯಂತ್ರವೇ ನೋಡ್, ಅದನ್ನು ನಡೆಸುವ ತಂತ್ರಾಂಶವಾದ ಬಿಟ್‌ಕಾಯಿನ್ ಕೋರ್ ಉಚಿತ. 2009ರ ಜನವರಿ 3ರ ಮೊದಲ ಬ್ಲಾಕಿನಿಂದ ಇಂದಿನವರೆಗಿನ ದಾಖಲೆಗೆ 600 ಜಿಬಿಗೂ ಹೆಚ್ಚು ಜಾಗ ಬೇಕಾಗುವುದರಿಂದ 1 ಟಿಬಿಯ ಎಸ್‌ಎಸ್‌ಡಿಗಿಂತ ಕಡಿಮೆಯದನ್ನು ಕೊಳ್ಳುವುದು ವ್ಯರ್ಥ. ಮೊದಲ ಸಲ ಎಲ್ಲವನ್ನೂ ಇಳಿಸಿಕೊಂಡು ಪರಿಶೀಲಿಸಲು ಸಣ್ಣ ಯಂತ್ರಗಳಿಗೆ ಹಲವು ದಿನಗಳೇ ಹಿಡಿಯುತ್ತವೆ. ಇಂಟರ್‌ನೆಟ್ ಯೋಜನೆಯ ಬಳಕೆ ಮಿತಿ ಎಷ್ಟೆಂದು ಮೊದಲೇ ನೋಡಿಕೊಳ್ಳಬೇಕು; ಕರೆಂಟ್ ಪದೇಪದೇ ಹೋಗುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಆರಂಭಿಸಿದರೆ ದಾಖಲೆ ಕೆಟ್ಟು ಮತ್ತೆ ಮೊದಲಿನಿಂದ ಶುರು ಮಾಡುವ ಪ್ರಸಂಗ ಬರಬಹುದು.

ಹಲವರಿಗೆ ತಿಳಿಯದ ಸಂಗತಿಯೆಂದರೆ ಬಿಟ್‌ಕಾಯಿನ್ ಕೋರ್ ತಾನಾಗಿ ವಿಳಾಸವಾರು ಸೂಚಿಯನ್ನು ಇಡುವುದಿಲ್ಲ. ಯಾವುದೇ ವಿಳಾಸದ ಚರಿತ್ರೆ ಬೇಕೆಂದರೆ ಎಲೆಕ್ಟ್ರ್ಸ್ ಅಥವಾ ಫಲ್ಕ್ರಮ್‌ನಂಥ ಇನ್ನೊಂದು ತಂತ್ರಾಂಶವನ್ನು ಅದರ ಮೇಲೆ ಕೂರಿಸಬೇಕು. ಜಾಗ ಉಳಿಸಲು ಹಳೆಯ ಬ್ಲಾಕುಗಳನ್ನು ಕತ್ತರಿಸುವ ಆಯ್ಕೆಯಿದೆ, ಆದರೆ ಜಾಡು ಹಿಡಿಯುವ ಕೆಲಸಕ್ಕೆ ಅದು ಬರುವುದಿಲ್ಲ.

ಇಷ್ಟೆಲ್ಲ ಕಷ್ಟಪಟ್ಟರೂ ಹೆಸರು ಒಂದೂ ಸಿಗದು. ಸಿಗುವುದು ಗೋಪ್ಯತೆ. ನಿಮ್ಮದೇ ವಿಳಾಸಗಳನ್ನು ಸಾರ್ವಜನಿಕ ಎಕ್ಸ್‌ಪ್ಲೋರರ್‌ನಲ್ಲಿ ದಿನವೂ ಹುಡುಕಿದರೆ ಆ ವಿಳಾಸಗಳೆಲ್ಲ ಒಂದೇ ಐಪಿ ವಿಳಾಸದ ಮನೆಯವು ಎಂಬ ಸುಳಿವನ್ನು ಆ ಜಾಲತಾಣಕ್ಕೆ ನೀವೇ ಕೊಟ್ಟಂತೆ. ಪತ್ರಕರ್ತರು, ತನಿಖೆಯಲ್ಲಿ ತೊಡಗಿದವರು, ದೊಡ್ಡ ಮೊತ್ತ ಹೊಂದಿರುವವರು ಇದಕ್ಕಾಗಿ ಖರ್ಚು ಮಾಡುವುದು ಸರಿ. ಉಳಿದವರು ಐಪಿ ವಿಳಾಸವನ್ನು ಮರೆಮಾಡುವ ಟಾರ್ ಜಾಲದ ಮೂಲಕ ಮೆಂಪೂಲ್.ಸ್ಪೇಸ್ ತೆರೆದರೆ ಸಾಕು.

ಯಾರಿಗೆ ಯಾವುದು

ಕುತೂಹಲಕ್ಕೆ ನೋಡುವವರಿಗೆ ಒಂದು ಎಚ್ಚರಿಕೆಯ ಖಾತೆ ಮತ್ತು ಒಂದು ಎಕ್ಸ್‌ಪ್ಲೋರರ್ ಸೇರಿದರೆ ಧಾರಾಳ. ಕಾಸು ಕೊಡುವ ಅಗತ್ಯವಿಲ್ಲ. ವರದಿ ಬರೆಯುವವರು ಆರ್ಕಮ್‌ನಲ್ಲಿ ಕಂಡ ಹೆಸರನ್ನು ಎಕ್ಸ್‌ಪ್ಲೋರರ್‌ನಲ್ಲಿ ಹಿಂದಕ್ಕೆ ಓದಿ, ಸಂಸ್ಥೆಯ ಅಥವಾ ನ್ಯಾಯಾಲಯದ ಹೇಳಿಕೆಯೊಂದಿಗೆ ತಾಳೆ ಹಾಕದೆ ಅಚ್ಚಿಗೆ ಕೊಡಬಾರದು. ಬಿಟ್‌ಫಿನೆಕ್ಸ್‌ನ 94,000 ನಾಣ್ಯಗಳು 2022ರ ಫೆಬ್ರವರಿ 1ರಂದು ಒಂದೆಡೆ ಸೇರತೊಡಗಿದಾಗ ಕಳ್ಳ ಎಚ್ಚೆತ್ತನೆಂದೇ ಹಲವರು ಬರೆದರು. ಹಿಂದಿನ ದಿನವಷ್ಟೇ ಸುಮಾರು 2,000 ವಿಳಾಸಗಳ ಕೀಲಿಗಳಿದ್ದ ಕಡತವನ್ನು ತನಿಖಾಧಿಕಾರಿಗಳು ಬಿಡಿಸಿದ್ದರು, ನಾಣ್ಯ ಸಾಗಿಸುತ್ತಿದ್ದುದು ಸರ್ಕಾರವೇ. ದೀರ್ಘಾವಧಿಯ ಹರಿವನ್ನು ಅಧ್ಯಯನ ಮಾಡುವವರಿಗೆ ಡ್ಯೂನ್. ಯಾವ ಸಾಧನವೇ ಆಗಲಿ, ವಿನಿಮಯ ಕೇಂದ್ರದೊಳಗೆ ಗ್ರಾಹಕರ ನಡುವೆ ನಡೆಯುವ ಖರೀದಿ, ಮಾರಾಟ ಮತ್ತು ಬಿಟ್‌ಕಾಯಿನ್ ಸರಪಳಿಯ ಹೊರಗೆ ನಡೆಯುವ ಲೈಟ್ನಿಂಗ್ ಜಾಲದ ಪಾವತಿಗಳು ಸರಪಳಿಯಲ್ಲಿ ಕಾಣುವುದೇ ಇಲ್ಲ.

ಇವುಗಳ ಹೆಸರಿನಲ್ಲಿ ಬರುವ ನಕಲಿ ಬಾಟ್‌ಗಳೂ ಬಹಳ. ನೋಡುವ ಕೆಲಸಕ್ಕೆ ವಾಲೆಟ್ ಜೋಡಿಸಬೇಕಾಗಿಲ್ಲ, ವಾಲೆಟ್ ತೆರೆಯುವ 12 ಅಥವಾ 24 ಪದಗಳ ಗುಟ್ಟಿನ ಸಾಲನ್ನು ಯಾರಿಗೂ ಹೇಳಬೇಕಾಗಿಲ್ಲ. ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಹಣ ಕಳೆದುಕೊಂಡು ಜಾಡು ಹುಡುಕುತ್ತಿರುವವರು ಮೊದಲು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು, ‘ಮರಳಿ ಕೊಡಿಸುತ್ತೇವೆ’ ಎಂದು ಶುಲ್ಕ ಕೇಳುವವರ ಬಳಿ ಹೋಗಬಾರದು. ದೂರಿನಲ್ಲಿ ವಹಿವಾಟಿನ ಗುರುತು ಸಂಖ್ಯೆ, ಎರಡೂ ವಿಳಾಸಗಳು ಇಡಿಯಾಗಿ, ಸರಪಳಿಯ ಹೆಸರು, ಭಾರತೀಯ ಕಾಲಮಾನದಲ್ಲಿ ಸಮಯ ಇವಿಷ್ಟನ್ನು ಬರೆದು, ಎಕ್ಸ್‌ಪ್ಲೋರರ್ ಪುಟದ ಪ್ರತಿಯನ್ನು ಲಗತ್ತಿಸಿ. ವಿಳಾಸ ಯಾರದೆಂಬ ಜಾಗವನ್ನು ಖಾಲಿ ಬಿಡಿ.